ಊರಿಗೊಂದೇ ಪುಸ್ತಕ

ನಮ್ಮೂರಿನ ಆರು ಕಚೇರಿಗಳ ಆರು ಪುಸ್ತಕಗಳನ್ನು ಸೇರಿಸಿ ಒಂದೇ ಪುಸ್ತಕ ಮಾಡಬೇಕೆಂಬ ಆದೇಶ ರಾಜಧಾನಿಯಿಂದ ಬಂದ ದಿನ ನಾನು ರಜೆಯಲ್ಲಿದ್ದೆ. ಸರ್ಕಾರಿ ನೌಕರಿಯಲ್ಲಿ ರಜೆ ಹಾಕಬಾರದ ದಿನಗಳು ಕೆಲವಿರುತ್ತವೆ; ಅವು ಯಾವುವೆಂದು ಮರುದಿನವಷ್ಟೇ ಗೊತ್ತಾಗುತ್ತದೆ. ಮಾರನೆಯ ದಿನ ಪುರಸಭೆಗೆ ಹೋದರೆ ನನ್ನ ಮೇಜಿನ ಮೇಲೆ ಹೊಸ ಹಲಗೆಯೊಂದು ಕೂತಿತ್ತು: ಸರ್ವಮಂಗಳ, ಪ್ರಭಾರ ಪುಸ್ತಕ ಏಕೀಕರಣಾಧಿಕಾರಿ. ಹಿಂದಿನ ದಿನದ ಸಭೆಯಲ್ಲಿ ಈ ಹೊಣೆಯನ್ನು ಯಾರು ಹೊರುತ್ತೀರಿ ಎಂದು ಮುಖ್ಯಾಧಿಕಾರಿ ಏಕಾಂಬರಯ್ಯನವರು ಕೇಳಿದಾಗ ಬಂದವರೆಲ್ಲ ಒಮ್ಮತದಿಂದ ಬಾರದವಳ ಹೆಸರು ಹೇಳಿದ್ದರು. ನಡಾವಳಿಯಲ್ಲಿ ಬರೆದ ಕಾರಣ, ನನ್ನ ಕೈಬರಹ ದುಂಡಗಿದೆ ಎಂಬುದು.

ನಮ್ಮೂರಿನಲ್ಲಿ ಯಾವ ಪುಸ್ತಕ ಎಲ್ಲಿದೆಯೋ ಅಲ್ಲಿ ಅದರ ಮಾತೇ ನಡೆಯುತ್ತದೆ. ಮನೆಯಲ್ಲಿ, ಬೀದಿಯಲ್ಲಿ ನಾವು ಹೇಗಿದ್ದೇವೋ ಹಾಗೆ ಇರುತ್ತೇವೆ. ಕಚೇರಿಯ ಹೊಸ್ತಿಲು ದಾಟಿದರೆ ಮಾತ್ರ ಅಲ್ಲಿನ ಪುಸ್ತಕದಲ್ಲಿ ಹೇಗೆ ಬರೆದಿದೆಯೋ ಹಾಗೆ. ನನ್ನನ್ನೇ ತೆಗೆದುಕೊಳ್ಳಿ. ಆಗ ನನಗೆ ನಲವತ್ತೇಳು ವರ್ಷ. ಪಡಿತರ ಕಚೇರಿಯಲ್ಲಿ ಎಪ್ಪತ್ತನಾಲ್ಕು, ಯಾಕೆಂದರೆ ಅಲ್ಲಿನ ಗುಮಾಸ್ತ ಅಂಕಿಗಳನ್ನು ಹಿಂದುಮುಂದು ಮಾಡಿದ್ದ. ಅಕ್ಕಿ ತರುವ ದಿನ ಸೊಂಟ ಹಿಡಿದುಕೊಂಡೇ ಒಳಗೆ ಹೋಗಿ, ಹೊರಗೆ ಬಂದಮೇಲೆ ನೆಟ್ಟಗಾಗುತ್ತಿದ್ದೆ. ಚುನಾವಣಾ ಕಚೇರಿಯಲ್ಲಿ ನಾನು ಗಂಡಸು. ಪಟ್ಟಿಯಲ್ಲಿ ಹಾಗೆ ಅಚ್ಚಾಗಿತ್ತು. ಅಲ್ಲಿಗೆ ಕಾಲಿಟ್ಟ ಕೂಡಲೇ ನನಗೆ ಮೀಸೆ ಬರುತ್ತಿತ್ತು, ಅದು ಒಪ್ಪುತ್ತದೆಂದು ಅಲ್ಲಿನ ಜವಾನ ಪ್ರತಿ ಸಲವೂ ಹೇಳುತ್ತಿದ್ದ. ತಿದ್ದಿ ಎಂದು ಅರ್ಜಿ ಕೊಟ್ಟಿದ್ದೆ. ಅರ್ಜಿದಾರರು ಖುದ್ದು ಹಾಜರಾದಾಗ ಮೀಸೆ ಇದ್ದದ್ದು ಕಂಡುಬಂದಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂದು ಉತ್ತರ ಬಂತು.

ಜನ ಇದಕ್ಕೆಲ್ಲ ಚೆನ್ನಾಗಿ ಹೊಂದಿಕೊಂಡಿದ್ದರು. ಆಸ್ಪತ್ರೆಯ ಗೇಟಿನ ಬಳಿ ಪೆಟ್ಟಿಗೆ ಅಂಗಡಿ ಇಟ್ಟಿದ್ದ ಕೆಂಚಪ್ಪನಿಗೆ ಒಂದೇ ಕಾಲು. ಆದರೆ ಕಾಲು ಹೋದ ಸಂಗತಿಯನ್ನು ಬರೆದುಕೊಂಡದ್ದು ಆಸ್ಪತ್ರೆಯ ಪುಸ್ತಕ ಮಾತ್ರ. ಹಾಗಾಗಿ ವಾರಕ್ಕೊಮ್ಮೆ ಅವನು ಊರುಗೋಲನ್ನು ನಲ್ಲಿ ಕಚೇರಿಯ ಬಾಗಿಲಲ್ಲಿ ಒರಗಿಸಿ, ಒಳಗೆ ಹೋಗಿ ಒಂದು ಗಂಟೆ ಎರಡು ಕಾಲಲ್ಲಿ ಅತ್ತಿಂದಿತ್ತ ಓಡಾಡಿ, ಮತ್ತೆ ಊರುಗೋಲು ಹಿಡಿದು ಅಂಗಡಿಗೆ ಹೋಗುತ್ತಿದ್ದ. ಒಂದು ಕಚೇರಿಯ ವಿಷಯವನ್ನು ಇನ್ನೊಂದು ಕಚೇರಿಯಲ್ಲಿ ಎತ್ತಬಾರದು ಎಂಬ ಮರ್ಯಾದೆಯೊಂದಿತ್ತು. ಅದೊಂದಿದ್ದುದರಿಂದಲೇ ಊರು ನಡೆದುಕೊಂಡು ಹೋಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಗದ್ದಲವಿದ್ದದ್ದು ನಲ್ಲಿ ಕಚೇರಿಯಲ್ಲಿ. ಮನೆಯ ನಲ್ಲಿಯನ್ನು ಯಾರ ಹೆಸರಲ್ಲಿ ಹಾಕಿಸಿರುತ್ತಾರೋ ಅವರು ಸತ್ತಮೇಲೆ ಹೆಸರು ಬದಲಾಯಿಸಲು ನಮ್ಮೂರಿನಲ್ಲಿ ಯಾರೂ ಹೋಗುತ್ತಿರಲಿಲ್ಲ. ಮೊದಮೊದಲು ಸೋಮಾರಿತನದಿಂದ, ಆಮೇಲೆ ಬೇಕೆಂದೇ. ಗುರುವಾರ ಅಲ್ಲಿ ದೂರು ಕೇಳುವ ದಿನ. ನೀರು ಬರುತ್ತಿಲ್ಲವೆಂದು ಮನೆಯವರು ದೂರು ಬರೆದು ಕೊಟ್ಟರೆ ನಲ್ಲಿಯ ಹೆಸರುಳ್ಳವರು ಖುದ್ದು ಹಾಜರಿರಬೇಕು ಎಂಬುದು ನಿಯಮ. ನಿಯಮವೆಂದಮೇಲೆ ಹಾಜರಾಗಲೇಬೇಕಲ್ಲ, ಹಾಜರಾಗುತ್ತಿದ್ದರು. ಪುಸ್ತಕದಲ್ಲಿ ಬರೆದ ವಯಸ್ಸಿನಲ್ಲೇ, ನಲ್ಲಿ ಹಾಕಿಸಿದ ದಿನ ಉಟ್ಟಿದ್ದ ಬಟ್ಟೆಯಲ್ಲೇ ಬಂದು ಬೆಂಚಿನ ಮೇಲೆ ಕೂತು, ಸಂಜೆ ಐದಕ್ಕೆ ಕಚೇರಿ ಮುಚ್ಚುವವರೆಗೂ ಇರುತ್ತಿದ್ದರು. ಗುರುವಾರ ಊರಿನ ಅರ್ಧ ಜನ ಬುತ್ತಿ ಕಟ್ಟಿಕೊಂಡು ನಲ್ಲಿ ಕಚೇರಿಗೆ ಹೋಗುತ್ತಿದ್ದರು. ದಿನಕ್ಕೆರಡು ಹೊತ್ತು ಧಾರಾಳವಾಗಿ ನೀರು ಬರುತ್ತಿದ್ದ ನಮ್ಮೂರು ನೀರಿನ ದೂರುಗಳಲ್ಲಿ ಜಿಲ್ಲೆಗೇ ಮೊದಲನೆಯದಾಗಿತ್ತು.

ನಮ್ಮ ಮನೆಯ ನಲ್ಲಿ ನನ್ನ ಅತ್ತೆ ಪುಟ್ಟತಾಯಮ್ಮನವರ ಹೆಸರಿನಲ್ಲಿತ್ತು. ಅವರು ತೀರಿಕೊಂಡು ಹದಿನಾಲ್ಕು ವರ್ಷ. ಎಂಬತ್ತು ವರ್ಷದ ಮಾವನವರು, ಬೋರಲಿಂಗಯ್ಯನವರು, ಬುಧವಾರ ಕೂತು ದೂರು ಬರೆಯುತ್ತಿದ್ದರು. ನಮ್ಮ ಮನೆಯ ನಲ್ಲಿಯಲ್ಲಿ ಒಂದು ವಾರದಿಂದ ನೀರು ಬರುತ್ತಿರುವುದಿಲ್ಲ ಎಂದು ಬರೆದು, ಅದೇ ನಲ್ಲಿಯ ನೀರಿನಲ್ಲಿ ಮುಖ ತೊಳೆದು, ಗಡ್ಡ ಹೆರೆಸಿಕೊಂಡು ಬರುತ್ತಿದ್ದರು. ಗುರುವಾರ ಬಿಳಿ ಪಂಚೆ ಉಟ್ಟು ಹೊರಟರೆ ಸಂಜೆಯವರೆಗೆ ನಮಗೆ ಅವರ ಯೋಚನೆ ಇರುತ್ತಿರಲಿಲ್ಲ. ನಾನು ಮಾತ್ರ ಆ ಕಡೆ ತಲೆಹಾಕಿದವಳಲ್ಲ. ಅತ್ತೆಯೊಂದಿಗೆ ಹತ್ತು ವರ್ಷ ಒಂದೇ ಅಡುಗೆಮನೆಯಲ್ಲಿದ್ದೆ. ಆ ಹತ್ತು ವರ್ಷದಲ್ಲಿ ನಾನು ಮಾಡಿದ ಯಾವ ಸಾರಿಗೂ ಉಪ್ಪು ಸರಿಯಾಗಿರಲಿಲ್ಲ. ಅವರು ತೀರಿಕೊಂಡರೆಂದು ಆಸ್ಪತ್ರೆಯವರು ಬರೆದುಕೊಂಡದ್ದನ್ನು ನಾನು ಪೂರ್ತಿಯಾಗಿ ನಂಬಿ, ಗೌರವಿಸಿ ಬದುಕಿದ್ದೆ.

ಏಕೀಕರಣಾಧಿಕಾರಿಯಾದ ಮೇಲೆ ಹೋಗದೆ ವಿಧಿಯಿರಲಿಲ್ಲ. ಆರೂ ಪುಸ್ತಕಗಳನ್ನು ನೋಡಿ ಬರಬೇಕಿತ್ತು. ನಲ್ಲಿ ಕಚೇರಿಯ ಎಂಜಿನಿಯರರು ಬೇಕೆಂದೇ ಗುರುವಾರ ಬನ್ನಿ ಎಂದರು. ಹೋದೆ. ಬೆಂಚಿನ ತುದಿಯಲ್ಲಿ ಹಸಿರು ಸೀರೆ ಉಟ್ಟು ಅತ್ತೆ ಕೂತಿದ್ದರು. ಪಕ್ಕದಲ್ಲಿ ಮಾವ ಬುತ್ತಿಯ ಡಬ್ಬಿ ಬಿಚ್ಚುತ್ತಿದ್ದರು. ಪುಸ್ತಕದಲ್ಲಿ ಅತ್ತೆಯ ವಯಸ್ಸು ನಲವತ್ತಾರು. ಹದಿನಾಲ್ಕು ವರ್ಷದ ಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅವರು ಹೇಳಿದ ಮೊದಲ ಮಾತು ಇಷ್ಟು: "ಏನೇ, ಇಷ್ಟೊಂದು ನರೆತಿದ್ದೀಯ? ನನಗಿಂತ ದೊಡ್ಡವಳ ಹಾಗೆ ಕಾಣ್ತೀಯಲ್ಲೇ."

ಒಂದು ವರ್ಷಕ್ಕೆ ದೊಡ್ಡವಳೇ ಎಂದು ನಾನು ಹೇಳಲಿಲ್ಲ. ಅದು ಬೇರೆ ಕಚೇರಿಯ ವಿಷಯ.

ಪುಸ್ತಕಗಳನ್ನು ಸೇರಿಸುವ ಬಗೆಯನ್ನು ಕಲಿಸಲು ರಾಜಧಾನಿಯಿಂದ ಪ್ರಭಂಜನ ಎಂಬ ತಜ್ಞರು ಬಂದರು. ಮೂವತ್ತು ದಾಟದ ವಯಸ್ಸು, ಚರ್ಮದ ಚೀಲ, ಕೇಳುವ ಮೊದಲೇ ಉತ್ತರ. ನಮ್ಮ ಯಾವ ಪುಸ್ತಕದಲ್ಲೂ ಹೆಸರಿಲ್ಲದ್ದರಿಂದ ಅವರು ಎಲ್ಲ ಕಚೇರಿಯಲ್ಲೂ ಒಂದೇ ತರಹ ಇರುತ್ತಿದ್ದರು, ಅದನ್ನೊಂದು ಅರ್ಹತೆಯೆಂದು ತಿಳಿದಿದ್ದರು. ಪುಸ್ತಕಗಳು ಬೇರೆ ಬೇರೆ ಮಾತಾಡಿದರೆ ಅದು ಊರಿಗೆ ಅವಮಾನ, ಒಬ್ಬ ಮನುಷ್ಯ ಎಲ್ಲ ಕಡೆ ಒಬ್ಬನೇ ಆಗಿರಬೇಕು ಎಂದು ಅವರು ಎರಡು ಗಂಟೆ ಭಾಷಣ ಮಾಡಿದರು. ಹೊಸ ಪುಸ್ತಕ ಸಿದ್ಧವಾದ ಮೇಲೆ ಅದರ ನಕಲನ್ನು ಪ್ರತಿ ಕಚೇರಿಯಲ್ಲೂ ಪ್ರತಿ ಬೀದಿಯ ಮೂಲೆಯಲ್ಲೂ ಇಡುವುದು, ಆಗ ಇಡೀ ಊರಿನಲ್ಲಿ ಅದರ ಮಾತೊಂದೇ ನಡೆಯುವುದು ಎಂಬುದು ಅವರ ಯೋಜನೆ. ಏಕಾಂಬರಯ್ಯನವರು ಮೇಜು ತಟ್ಟಿದರು. ಆರರಲ್ಲಿ ಯಾವುದನ್ನು ಒಪ್ಪಬೇಕು ಎಂದು ನಾನು ಕೇಳಿದೆ. ತೀರಾ ಸುಲಭ, ಎಲ್ಲಕ್ಕಿಂತ ಈಚೆಗೆ ಬರೆದದ್ದು ನಿಜ, ಹಳೆಯದು ಸುಳ್ಳು ಎಂದರು.

ಹೂವಾಡಿಗರ ಬೀದಿಯಲ್ಲಿ ಪ್ರಯೋಗ ನಡೆಯಿತು. ಬೀದಿಯ ತುದಿಗೆ ಒಂದು ಮೇಜು ಹಾಕಿ, ಪ್ರಯೋಗದ ಪುಸ್ತಕ ಬಿಚ್ಚಿ ನಾನು ಬರೆಯಲು ಕೂತೆ. ಆ ಬೀದಿಯ ಮಟ್ಟಿಗೆ ಎಲ್ಲಕ್ಕಿಂತ ಈಚಿನದು ಮತದಾರರ ಪಟ್ಟಿ. ಅದನ್ನು ಅಚ್ಚು ಮಾಡಿದವನು ಶ್ರಮ ಉಳಿಸಲು ಮೊದಲ ಸಾಲಿನ ಮುದ್ದಯ್ಯನಿಗೆ ತಂದೆಯ ಹೆಸರೂ ಮುದ್ದಯ್ಯ ಎಂದೇ ಹಾಕಿ, ಅಲ್ಲಿಂದ ಕೆಳಗೆ ನಲವತ್ತಮೂರು ಜನಕ್ಕೂ 'ಮೇಲಿನಂತೆ' ಎಂದು ಹಾಕಿದ್ದ. ಚುನಾವಣಾ ಕಚೇರಿಯಲ್ಲಿ ಅದು ಐದು ವರ್ಷಕ್ಕೊಮ್ಮೆ ಹತ್ತು ನಿಮಿಷದ ತೊಂದರೆ, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ನಾನು ಬರೆದ ಶಾಯಿ ಒಣಗುತ್ತಲೇ ಇಡೀ ಬೀದಿ ಮುದ್ದಯ್ಯನ ಸಂತಾನವಾಯಿತು. ಮುದ್ದಯ್ಯ ಅರವತ್ತು ದಾಟಿದ ಬ್ರಹ್ಮಚಾರಿ, ಮಾಲೆ ಕಟ್ಟಿ ಬದುಕುವವನು. ಮಧ್ಯಾಹ್ನ ಊಟದ ಹೊತ್ತಿಗೆ ಅವನ ಬಾಗಿಲಲ್ಲಿ ನಲವತ್ತಮೂರು ಮಕ್ಕಳು ಸಾಲಾಗಿ ನಿಂತಿದ್ದರು, ಅದರಲ್ಲಿ ಏಳು ಜನ ಅವನಿಗಿಂತ ದೊಡ್ಡವರು. ಗಂಡ ಹೆಂಡಿರು ಒಬ್ಬರನ್ನೊಬ್ಬರು ಅಣ್ಣ, ತಂಗಿ ಎಂದು ಕರೆಯತೊಡಗಿದರು. ಮೂರನೆಯ ದಿನ ಪುಸ್ತಕ ವಾಪಸು ಪಡೆಯುವಾಗ ಇಬ್ಬರು ಹೆಂಗಸರು ಮಾತ್ರ ತಮ್ಮ ಮಟ್ಟಿಗೆ ಇದೇ ಇರಲಿ ಎಂದು ಅರ್ಜಿ ಕೊಟ್ಟರು. ಮುದ್ದಯ್ಯ ಅರ್ಜಿ ಗಿರ್ಜಿ ಏನೂ ಕೊಡಲಿಲ್ಲ. ಮೇಜು ಎತ್ತಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಳಗೆ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಅನ್ನ ಬೇಯುತ್ತಿತ್ತು.

ತಜ್ಞರು ಎದೆಗುಂದಲಿಲ್ಲ. ಈಚಿನದು ಬೇಡವೆಂದರೆ ಬಹುಮತ ಇದೆಯಲ್ಲ, ಹೆಚ್ಚು ಪುಸ್ತಕಗಳು ಏನು ಹೇಳುತ್ತವೋ ಅದೇ ನಿಜ ಎಂದರು. ಒಬ್ಬರದನ್ನೊಬ್ಬರು ನೋಡಿ ಬರೆದುಕೊಂಡ ಪುಸ್ತಕಗಳ ಬಹುಮತ ಎಂಥ ಬಹುಮತ ಎಂದು ನಾನು ಕೇಳಿದೆ. ಅದನ್ನು ವರದಿಯ ಅನುಬಂಧದಲ್ಲಿ ಚರ್ಚಿಸಬಹುದು ಎಂದರು.

ಈ ಸಲ ಆಸ್ಪತ್ರೆ ಬೀದಿ. ಐದು ಪುಸ್ತಕಗಳ ಪ್ರಕಾರ ಕೆಂಚಪ್ಪನಿಗೆ ಎರಡು ಕಾಲು, ಒಂದರ ಪ್ರಕಾರ ಒಂದು. ಬಹುಮತದಿಂದ ಕೆಂಚಪ್ಪನಿಗೆ ಕಾಲು ಬಂತು. ಬೀದಿಯವರೆಲ್ಲ ಸೇರಿ ಅವನನ್ನು ಹೊತ್ತು ಕುಣಿದರು. ಆ ಮೆರವಣಿಗೆ ಮುಗಿಯುವ ಮೊದಲೇ ಏಕಾಂಬರಯ್ಯನವರ ಆದೇಶ ಹೊರಟಿತ್ತು: ಪೆಟ್ಟಿಗೆ ಅಂಗಡಿಯನ್ನು ಅಂಗವಿಕಲರ ಪಾಲಿನಲ್ಲಿ ಕೊಟ್ಟಿದ್ದು, ಸದರಿಯವರಿಗೆ ಎರಡೂ ಕಾಲುಗಳು ಇರುವುದು ದೃಢಪಟ್ಟಿರುವುದರಿಂದ ಅಂಗಡಿಯನ್ನು ತಕ್ಷಣ ತೆರವುಗೊಳಿಸುವುದು. ಇಪ್ಪತ್ತೆರಡು ವರ್ಷದಿಂದ ಅವನು ಬೇಡಿದ ಎಲ್ಲ ಅರ್ಜಿಗಳಲ್ಲಿ ಅಷ್ಟು ಬೇಗ ಇತ್ಯರ್ಥವಾದದ್ದು ಅವನು ಬೇಡದ ಇದೊಂದೇ.

ಕೆಂಚಪ್ಪ ನನ್ನ ಮೇಜಿನ ಮುಂದೆ ಬಂದು ನಿಂತ. ಊರುಗೋಲಿಲ್ಲದೆ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತೋಚುತ್ತಿರಲಿಲ್ಲ.

"ಕಾಲು ಬೇಡ ಅಂತೀನಾ ಅಮ್ಮಾವ್ರೇ? ಬೇಕು. ಆದರೆ ಕಾಲು ಬಂದ ದಿನವೇ ಅಂಗಡಿ ಕಿತ್ತುಕೊಂಡರೆ ಈ ಕಾಲಲ್ಲಿ ಎಲ್ಲಿಗೆ ನಡಕೊಂಡು ಹೋಗಲಿ?" ಎಂದ. ಬಗ್ಗಿ ಹೊಸ ಕಾಲನ್ನು ನೋಡಿಕೊಂಡು, "ವಾರಕ್ಕೊಂದು ಗಂಟೆ ಸಾಕಾಗಿತ್ತು ನನಗೆ. ಅದನ್ನ ನಿಮ್ಮ ಹತ್ತಿರ ಯಾರು ಕೇಳಿದರು?" ಎಂದ.

ಪ್ರಯೋಗದ ಪುಸ್ತಕ ಎತ್ತಿದೆವು, ಅವನ ಕಾಲು ಹೋಯಿತು. ಅಂಗಡಿ ವಾಪಸು ಸಿಗಲು ಇನ್ನೆರಡು ತಿಂಗಳು ಹಿಡಿಯಿತು, ಕಾಲು ಇಲ್ಲವೆಂದು ಹೊಸದಾಗಿ ಸಾಬೀತು ಮಾಡಬೇಕಿತ್ತು. ತಜ್ಞರು ಎರಡೂ ಪ್ರಯೋಗಗಳು ಯಶಸ್ವಿ ಎಂದು ವರದಿ ಬರೆದು, ಉಳಿದದ್ದು ಸ್ಥಳೀಯ ವಿವೇಚನೆಗೆ ಬಿಟ್ಟದ್ದು ಎಂದು ಕೊನೆಯ ಸಾಲು ಸೇರಿಸಿ ರಾಜಧಾನಿಗೆ ಹೊರಟುಹೋದರು.

ಸ್ಥಳೀಯ ವಿವೇಚನೆ ಎಂದರೆ ಸಮಿತಿ. ಆರು ಕಚೇರಿಗಳ ಮುಖ್ಯಸ್ಥರು ಸೇರಿ, ಇನ್ನುಳಿದ ದಾರಿಯೊಂದೇ, ಆರರಲ್ಲಿ ಒಂದನ್ನು ಹಿರಿಯ ಪುಸ್ತಕವೆಂದು ಆರಿಸಿ ಉಳಿದವನ್ನು ಅದರ ಪ್ರಕಾರ ತಿದ್ದುವುದು ಎಂದು ತೀರ್ಮಾನಿಸಿದರು. ಅಲ್ಲಿಯವರೆಗೆ ಎಲ್ಲ ಸೌಹಾರ್ದವಾಗಿತ್ತು. ಯಾವುದು ಹಿರಿದು ಎಂಬ ಮತದಾನದಲ್ಲಿ ಆರು ಪುಸ್ತಕಗಳಿಗೂ ಒಂದೊಂದು ಮತ ಬಿತ್ತು. ಸತ್ತವರನ್ನು ಸತ್ತರೆಂದು ಬರೆಯುವ ಧೈರ್ಯ ಇರುವುದು ನಮ್ಮ ಪುಸ್ತಕಕ್ಕೆ ಮಾತ್ರ ಎಂದು ಆಸ್ಪತ್ರೆಯ ದೊಡ್ಡ ಡಾಕ್ಟರು ವಾದಿಸಿದರು. ಆಸ್ಪತ್ರೆಗೆ ಹೋಗದವರು ಇದ್ದಾರು, ನೀರು ಕುಡಿಯದವರು ಯಾರಿದ್ದಾರೆ ಎಂದು ನಲ್ಲಿ ಎಂಜಿನಿಯರರು ಎದ್ದು ನಿಂತರು. ನಾಲ್ಕು ಸಭೆ, ಹನ್ನೊಂದು ತಟ್ಟೆ ಚಕ್ಕುಲಿ ಮುಗಿಯುವಾಗ ಉಳಿದ ನಾಲ್ವರು ಸುಸ್ತಾಗಿ ಕೈಬಿಟ್ಟರು. ಕಣದಲ್ಲಿ ಆಸ್ಪತ್ರೆ ಮತ್ತು ನಲ್ಲಿ ಎರಡೇ ಉಳಿದವು. ಅಷ್ಟರಲ್ಲಿ ಮಂತ್ರಿಗಳು ಉದ್ಘಾಟನೆಗೆ ದಿನ ಕೊಟ್ಟುಬಿಟ್ಟರು. ಏಕಾಂಬರಯ್ಯನವರು ನನ್ನನ್ನು ಕೋಣೆಗೆ ಕರೆದು, ಎರಡರಲ್ಲಿ ಒಂದನ್ನು ಆರಿಸುವ ಪೂರ್ಣ ಅಧಿಕಾರ ನನಗೇ ಕೊಟ್ಟಿರುವುದಾಗಿ ತಿಳಿಸಿದರು. ಒಳ್ಳೆಯದಾದರೆ ಅದು ಸಮಿತಿಯ ತೀರ್ಮಾನ, ಕೆಟ್ಟದ್ದಾದರೆ ನನ್ನದು ಎಂಬುದನ್ನು ಅವರು ಹೇಳಲಿಲ್ಲ. ಇಪ್ಪತ್ತು ವರ್ಷ ಸರ್ವಿಸಾದವಳಿಗೆ ಅದನ್ನು ಹೇಳಬೇಕಾಗಿಯೂ ಇರಲಿಲ್ಲ.

ಮನೆಗೆ ಬರುತ್ತಾ ದಾರಿಯುದ್ದಕ್ಕೂ ಯೋಚಿಸಿದೆ. ಆಸ್ಪತ್ರೆಯ ಪುಸ್ತಕ ಹಿರಿದಾದರೆ ನಲ್ಲಿ ಕಚೇರಿಯ ಬೆಂಚುಗಳು ಖಾಲಿ. ಮಾವನವರ ಗುರುವಾರ ಮುಗಿಯಿತು. ನಲ್ಲಿ ಪುಸ್ತಕ ಹಿರಿದಾದರೆ ಅದರ ಮಾತು ಬೀದಿ ಬೀದಿಯಲ್ಲೂ ನಡೆಯುತ್ತದೆ. ಅಂದರೆ ಅತ್ತೆ ಹಸಿರು ಸೀರೆಯಲ್ಲಿ ನೇರವಾಗಿ ಮನೆಗೇ ಬಂದು ಅಡುಗೆಮನೆಗೆ ಹೊಕ್ಕರೆ ಮುಗಿಯಿತು. ಪುಸ್ತಕ ಬದಲಾಗುವವರೆಗೂ ಅವರಿಗೆ ನಲವತ್ತಾರು. ನಾನು ಐವತ್ತಾಗಿ, ಅರವತ್ತಾಗಿ, ಎಪ್ಪತ್ತಾಗಿ ಉಪ್ಪು ಹಾಕುತ್ತಲೇ ಇರುತ್ತೇನೆ. ಗಂಡನಿಗೆ ಹೇಳಿದೆ. ಅವರು ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಅವರ ತಾಯಿಯ ಹೆಸರೂ ನನ್ನ ಹೆಸರೂ ಒಂದೇ ವಾಕ್ಯದಲ್ಲಿ ಬಂದರೆ ಎದ್ದು ಹೋಗಿ ಗಿಡಕ್ಕೆ ನೀರು ಹಾಕುವುದು ಅವರ ಪದ್ಧತಿ. ಆ ಸಂಜೆ ನಮ್ಮ ಕರಿಬೇವಿನ ಗಿಡಕ್ಕೆ ಮೂರು ಬಿಂದಿಗೆ ನೀರು ಬಿತ್ತು.

ನಿಜ ಹೇಳುತ್ತೇನೆ, ನಾನು ಆಸ್ಪತ್ರೆಯ ಪುಸ್ತಕವೆಂದೇ ಗಟ್ಟಿ ಮಾಡಿಕೊಂಡಿದ್ದೆ. ಅದಕ್ಕೆ ಒಳ್ಳೆಯ ಕಾರಣಗಳನ್ನೂ ಬರೆದಿಟ್ಟುಕೊಂಡಿದ್ದೆ: ನಿಖರತೆ, ವೈಜ್ಞಾನಿಕತೆ, ಇತ್ಯಾದಿ. ಮಾವನವರು ಏನಾದರೂ ಕೇಳಿದರೆ ತೋರಿಸಲು ಕಾಗದ ಕೈಯಲ್ಲೇ ಇತ್ತು. ಅವರು ಜಗಲಿಯಲ್ಲಿ ಅವರೆಕಾಳು ಸುಲಿಯುತ್ತ ಕೂತಿದ್ದರು. ಮೂರು ದಿನದಿಂದ ನನ್ನನ್ನು ಏನೂ ಕೇಳಿರಲಿಲ್ಲ. ನಾನೇ ತಡೆಯಲಾರದೆ ಹೋಗಿ ಎದುರು ಕೂತು ನಾಲ್ಕು ಕಾಯಿ ಕೈಗೆತ್ತಿಕೊಂಡೆ.

"ನನ್ನ ಮುಖ ನೋಡಿಕೊಂಡು ಏನೂ ಮಾಡಬೇಡ ಮಗಾ," ಎಂದರು ಅವರು. "ಆಸ್ಪತ್ರೆದೇ ದೊಡ್ಡದು ಅಂದರೆ ಹಾಗೇ ಆಗಲಿ. ಆದರೆ ನಲ್ಲಿದು ದೊಡ್ಡದು ಅಂತ ಮಾತ್ರ ಮಾಡಿಬಿಡಬೇಡ."

ನನಗೆ ಅರ್ಥವಾಗಲಿಲ್ಲ. ಅತ್ತೆ ಮನೆಗೆ ಬರುವುದು ಅವರಿಗೆ ಬೇಡವೇ ಎಂದು ಕೇಳಿದೆ.

"ಬಂದು ಏನು ನೋಡ್ತಾಳೆ? ಬೆಳಗ್ಗೆ ಎದ್ದಮೇಲೆ ಅರ್ಧ ಗಂಟೆ ಕೆಮ್ಮೋದು ನೋಡ್ತಾಳೆ. ಹಲ್ಲು ಲೋಟದಲ್ಲಿ ಇಡೋದು ನೋಡ್ತಾಳೆ. ಅವಳಿಗೆ ನಲವತ್ತಾರು ಕಣಮ್ಮ. ಗುರುವಾರ ಗಡ್ಡ ಹೆರೆಸಿ ಪಂಚೆ ಉಟ್ಟು ಹೋದರೆ ಸಂಜೆ ಐದರ ತನಕ ಹೇಗೋ ನೆಟ್ಟಗೆ ಕೂತಿರ್ತೀನಿ. ಅದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ. ಅದಕ್ಕಿಂತ ಕಮ್ಮಿ ಆದರೆ..." ಎಂದು ಅಲ್ಲಿಗೆ ನಿಲ್ಲಿಸಿ, ಸುಲಿದ ಕಾಳನ್ನು ಮೊರದಲ್ಲಿ ಹರಡಿದರು. "ಆದರೆ ಏನು, ಹೊಂದಿಕೋತೀನಿ."

ಕೈಯಲ್ಲಿದ್ದ ಕಾಗದವನ್ನು ಸಿಪ್ಪೆಯ ಜೊತೆ ಬುಟ್ಟಿಗೆ ಹಾಕಿದೆ.

ಮರುದಿನ ಏಕಾಂಬರಯ್ಯನವರ ಮುಂದೆ ನನ್ನ ಸಲಹೆ ಇಟ್ಟೆ. ಯಾವ ಪುಸ್ತಕವನ್ನೂ ತಿದ್ದುವುದು ಬೇಡ. ಯಾರ ಹೆಸರು ಯಾವ ಪುಸ್ತಕದ ಎಷ್ಟನೇ ಪುಟದಲ್ಲಿದೆ ಎಂದು ಹೇಳುವ ತೆಳ್ಳನೆಯ ಒಂದು ಸೂಚಿ ಮಾಡೋಣ. ಬೇಕಾದಾಗ ಬೇಕಾದ ಪುಸ್ತಕ ತೆಗೆದು ನೋಡಿಕೊಳ್ಳಲಿ, ಒಂದೊಂದು ಪುಸ್ತಕವೂ ಒಂದೊಂದು ಕೆಲಸಕ್ಕೆ ಹುಟ್ಟಿದ್ದು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಮಂತ್ರಿಗಳು ಇಷ್ಟು ದೂರ ಬಂದು ಮೂವತ್ತು ಹಾಳೆಯ ಸೂಚಿಯನ್ನು ಉದ್ಘಾಟಿಸಿದರೆ ಫೋಟೋದಲ್ಲಿ ಏನು ಕಾಣುತ್ತದೆ ಎಂದು ಕೇಳಿದರು. ಆದೇಶದಲ್ಲಿ ಒಂದು ಪುಸ್ತಕ ಎಂದಿದೆ. ಒಂದು ಪುಸ್ತಕ ಬೇಕು, ದಪ್ಪಗಿರಬೇಕು, ಶುಕ್ರವಾರದೊಳಗೆ ಬೇಕು ಎಂದರು.

ಒಂದು, ದಪ್ಪ, ಶುಕ್ರವಾರ. ಆ ಮೂರು ಮಾತು ಹಿಡಿದುಕೊಂಡು ನಾನು ರಟ್ಟು ಕಟ್ಟುವ ಅಬ್ದುಲ್ ಬಾಷಾ ಸಾಹೇಬರ ಅಂಗಡಿಗೆ ಹೋದೆ. ಆರು ಕಚೇರಿಯಿಂದ ಆರೂ ಪುಸ್ತಕಗಳನ್ನು ತರಿಸಿ, ಒಂದರ ಮೇಲೊಂದು ಇಟ್ಟು, ಚರ್ಮದ ಬೆನ್ನು ಹಾಕಿ ಒಟ್ಟಿಗೆ ಹೊಲಿಯಿರಿ ಎಂದೆ. ಒಂದಕ್ಷರ ತಿದ್ದುವುದು ಬೇಡ. ಸಾಹೇಬರು ಎರಡು ದಿನ ಹೊಲಿದರು. ನಾಲ್ಕು ಜನ ಸೇರಿ ಎತ್ತಬೇಕಾದ ಒಂದು ಪುಸ್ತಕವಾಯಿತು. ಮೇಲೆ ಚಿನ್ನದ ಬಣ್ಣದಲ್ಲಿ 'ಊರಿಗೊಂದೇ ಪುಸ್ತಕ' ಎಂದು ಬರೆಸಿದೆ. ಏಕಾಂಬರಯ್ಯನವರು ಅದರ ಸುತ್ತ ಒಂದು ಸುತ್ತು ಬಂದು, ರಟ್ಟು ತಟ್ಟಿ ನೋಡಿ, ಇದರ ನಕಲು ಯಾವಾಗ ಸಿದ್ಧವಾಗುತ್ತದೆ ಎಂದು ಕೇಳಿದರು. ಇಷ್ಟು ದಪ್ಪದ್ದನ್ನು ನಕಲು ಮಾಡಲು ಹತ್ತು ಗುಮಾಸ್ತರ ಹೊಸ ಹುದ್ದೆ ಮಂಜೂರಾಗಬೇಕು, ಮಂಜೂರಾತಿ ಕೇಳಿ ಪತ್ರ ಬರೆದಿದ್ದೇನೆ ಎಂದೆ. ಹುದ್ದೆ ಮಂಜೂರು ಎಂಬ ಮಾತು ಕೇಳಿ ಅವರ ಮುಖ ಶಾಂತವಾಯಿತು. ಇನ್ನು ಆ ವಿಷಯ ಅವರ ನಿವೃತ್ತಿಯ ಈಚೆಗೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮಂತ್ರಿಗಳು ಬಂದರು, ಪುಸ್ತಕಕ್ಕೆ ಹಾರ ಹಾಕಿದರು, ಒಬ್ಬ ಮನುಷ್ಯ ಎಲ್ಲ ಕಡೆ ಒಬ್ಬನೇ ಆದ ಮೊದಲ ಊರು ಇದು ಎಂದು ಹೊಗಳಿದರು. ಪುಸ್ತಕ ಪುರಸಭೆಯ ದೊಡ್ಡ ಹಜಾರದಲ್ಲಿ, ನನ್ನ ಮೇಜಿನ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಕೂತಿತು. ಉಳಿದ ಐದು ಕಚೇರಿಗಳಲ್ಲಿ ಪುಸ್ತಕವಿಲ್ಲದ್ದರಿಂದ ಅಲ್ಲೀಗ ಎಲ್ಲರೂ ಬೀದಿಯಲ್ಲಿದ್ದ ಹಾಗೇ ಇರುತ್ತಾರೆ. ಹಜಾರದಲ್ಲಿ ಮಾತ್ರ, ಪುಸ್ತಕದ ಯಾವ ಭಾಗ ತೆರೆದಿದೆಯೋ ಅದರ ಮಾತು. ವಾರಕ್ಕೆ ಆರು ದಿನ, ಆರು ಭಾಗ. ಸೋಮವಾರ ಆಸ್ಪತ್ರೆ, ಗುರುವಾರ ನಲ್ಲಿ ಎಂದು ಬಾಗಿಲಿಗೆ ಹಲಗೆ ತೂಗುಹಾಕಿದೆ. ಬೆಳಗ್ಗೆ ಹತ್ತಕ್ಕೆ ಬಂದು ಆ ದಿನದ ಭಾಗ ತೆರೆಯುವುದು, ಸಂಜೆ ಐದಕ್ಕೆ ಮುಚ್ಚುವುದು ನನ್ನ ಕೆಲಸ. ಬುಧವಾರ ಚುನಾವಣೆಯ ಭಾಗ. ಆ ದಿನ ನಾನು ಮೀಸೆ ತಿರುವುತ್ತ ಕಡತ ನೋಡುತ್ತೇನೆ.

ನನ್ನ ಲೆಕ್ಕದಲ್ಲಿ ಒಂದು ತಪ್ಪಾಗಿತ್ತು. ಗುರುವಾರ ನಲ್ಲಿಯ ಭಾಗ ತೆರೆದರೆ ಆ ಬೆಂಚುಗಳೆಲ್ಲ ನನ್ನ ಹಜಾರಕ್ಕೆ ಬರುತ್ತವೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಅತ್ತೆ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ನನ್ನ ಮೇಜಿಗೆ ನೇರ ಎದುರು ಕೂರತೊಡಗಿದರು. ನಾನು ಪೆನ್ನು ಹಿಡಿಯುವ ರೀತಿ ಸರಿಯಿಲ್ಲ. ಬಂದವರಿಗೆ ಕೂರಿ ಅನ್ನುವುದಿಲ್ಲ. ಮಧ್ಯಾಹ್ನದ ಡಬ್ಬಿಯಲ್ಲಿ ಒಂದೇ ಪಲ್ಯ. ಪಕ್ಕದ ಬೆಂಚಿನವರಿಗೂ ಕೇಳಿಸುವಂತೆ ಇದೆಲ್ಲ ಮಾವನವರಿಗೆ ವರದಿಯಾಗುತ್ತಿತ್ತು. ಮಾವ ನೆಟ್ಟಗೆ ಕೂತು ತಲೆಯಾಡಿಸುತ್ತಿದ್ದರು. ಕೆಂಚಪ್ಪ ಅವರ ಮುಂದೆಯೇ ಎರಡು ಕಾಲಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ಹೀಗೆ ಎರಡು ವರ್ಷ ನಡೆಯಿತು. ಎರಡು ವರ್ಷದಲ್ಲಿ ಒಂದು ಗುರುವಾರವೂ ನಾನು ರಜೆ ಹಾಕಲಿಲ್ಲ. ಹಾಕಿದರೆ ಭಾಗ ತೆರೆಯುವವರು ಯಾರೂ ಇರಲಿಲ್ಲ.

ಮಾವನವರು ಒಂದು ಭಾನುವಾರ ಬೆಳಗ್ಗೆ ತೀರಿಕೊಂಡರು. ಕೆಮ್ಮು ಬಂತು, ನಿಂತಿತು, ಅಷ್ಟೇ. ಸೋಮವಾರ ಆಸ್ಪತ್ರೆಯ ಭಾಗ ತೆರೆದು ನನ್ನ ದುಂಡನೆಯ ಅಕ್ಷರದಲ್ಲಿ ಅವರ ಹೆಸರಿನ ಮುಂದೆ ಬರೆಯಬೇಕಾದದ್ದನ್ನು ಬರೆದೆ. ಬುಧವಾರ ಅವರ ಹಾಸಿಗೆ ಮಡಚುವಾಗ ದಿಂಬಿನ ಕೆಳಗೆ ಒಂದು ಕಾಗದ ಸಿಕ್ಕಿತು. ಆ ವಾರದ ದೂರನ್ನು ಅವರು ಮೊದಲೇ ಬರೆದಿಟ್ಟಿದ್ದರು.

ಗುರುವಾರ ಆ ಕಾಗದವನ್ನು ತೆಗೆದುಕೊಂಡು ಹೋದೆ. ಕೊಡಲೋ ಬೇಡವೋ ಎಂದು ಹನ್ನೊಂದರವರೆಗೆ ಕೂತಿದ್ದೆ. ಆಮೇಲೆ ದೂರಿನ ಕಟ್ಟಿಗೆ ಸೇರಿಸಿದೆ. ಅತ್ತೆ ಬಂದರು, ಬೆಂಚಿನ ಮೇಲೆ ಕೂತರು, ಬಾಗಿಲ ಕಡೆ ನೋಡಿದರು. ಮಧ್ಯಾಹ್ನವಾಯಿತು. ಆ ದಿನ ಅವರು ನನ್ನ ಪೆನ್ನಿನ ಬಗ್ಗೆ ಏನೂ ಅನ್ನಲಿಲ್ಲ. ಕೊನೆಗೆ ಎದ್ದು ಬಂದು ಮೇಜಿನ ಮುಂದೆ ನಿಂತು ಸೂತಕದಿಂದಾಗಿ ಕುಂಕುಮವಿಲ್ಲದ ನನ್ನ ಹಣೆ ನೋಡಿದರು. ನಾನು ತಲೆ ಎತ್ತಲಿಲ್ಲ. ಆಸ್ಪತ್ರೆಯ ಭಾಗದ ವಿಷಯವನ್ನು ನಲ್ಲಿಯ ಭಾಗದಲ್ಲಿ ಎತ್ತುವಂತಿರಲಿಲ್ಲ.

"ಯಾವತ್ತು?" ಎಂದು ಅವರೇ ಕೇಳಿದರು.

"ಭಾನುವಾರ, ಅತ್ತೆ."

ಅವರು ಕುರ್ಚಿ ಎಳೆದುಕೊಂಡು ಕೂತರು. ಅವರು ಅಳಲಿಲ್ಲ. ನಾನು ಪುಸ್ತಕ ಕಾಯುವವಳು. ಆವತ್ತಿನವರೆಗೆ ನಾನಾಗಿ ಒಂದು ಸುಳ್ಳು ಅಕ್ಷರ ಬರೆದವಳಲ್ಲ. ಆದರೂ ದನಿ ತಗ್ಗಿಸಿ ಹೇಳಿದೆ, ನಲ್ಲಿಗೆ ಜಂಟಿ ಹೆಸರು ಸೇರಿಸಲು ಅವಕಾಶವಿದೆ, ಅವರ ಹೆಸರಿನ ಪಕ್ಕದಲ್ಲಿ ಮಾವನವರ ಹೆಸರು ಬರೆದರೆ ಯಾರೂ ಕೇಳುವುದಿಲ್ಲ, ಗುರುವಾರ ಇಬ್ಬರೂ ಬರಬಹುದು ಎಂದು.

"ವಯಸ್ಸು ಎಷ್ಟು ಅಂತ ಬರೀತೀಯ?"

"ನೀವು ಹೇಳಿದಷ್ಟು. ಐವತ್ತು ಅಂದರೆ ಐವತ್ತು."

ಅವರು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡರು.

"ಬೇಡ. ಎಂಬತ್ತೆರಡು ವರ್ಷ ಒಂದೊಂದೇ ದಿನ ಮಾಡಿಕೊಂಡು ಬದುಕಿದ್ದಾರೆ. ಐವತ್ತು ಅಂತ ಬರೆದು ಮೂವತ್ತೆರಡು ವರ್ಷ ನೀನು ಅಳಿಸ್ತೀಯಾ? ಪ್ರತಿ ಗುರುವಾರ ಬೆನ್ನು ನೋವಿದ್ದರೂ ನೆಟ್ಟಗೆ ಕೂತಿರ್ತಿದ್ದರು, ನನಗೆ ಗೊತ್ತಾಗಲ್ಲ ಅಂದುಕೊಂಡಿದ್ದರು. ಇನ್ನು ಮೇಲಾದರೂ ಒರಗಿಕೊಳ್ಳಲಿ ಬಿಡು." ಆಮೇಲೆ ಕೈ ಚಾಚಿದರು. "ಹೆಸರು ಬದಲಾಯಿಸೋ ಅರ್ಜಿ ಇರುತ್ತಲ್ಲ, ಅದು ಕೊಡು. ನಲ್ಲಿ ನಿನ್ನ ಹೆಸರಿಗೆ ಮಾಡಿಕೋ."

ನಾನು ಬೇಡ ಎಂದೆ. ಅವಸರವೇನೂ ಇಲ್ಲ, ಮುಂದಿನ ವಾರ ನೋಡೋಣ ಎಂದೆ. ಅರ್ಜಿಯ ಹಾಳೆ ಮುಗಿದಿದೆ ಎಂದೂ ಹೇಳಿದೆ. ಅವರು ಎದ್ದು, ನನ್ನ ಮೇಜಿನ ಎರಡನೆಯ ಖಾನೆ ಎಳೆದು, ಹಾಳೆ ತೆಗೆದು, ನನ್ನದೇ ಪೆನ್ನಿನಲ್ಲಿ ರುಜು ಹಾಕಿದರು. ಎರಡು ವರ್ಷ ಎದುರಿಗೆ ಕೂತವರಿಗೆ ಯಾವ ಖಾನೆಯಲ್ಲಿ ಏನಿದೆ ಎಂದು ಗೊತ್ತಿರದೆ ಇರುತ್ತದೆಯೇ. ನಲ್ಲಿಯ ಭಾಗದಲ್ಲಿ ನಮ್ಮ ಮನೆಯ ಪುಟ ತೆಗೆದು, ಅವರ ಹೆಸರಿಗೆ ಅಡ್ಡಗೆರೆ ಎಳೆದು, ಕೆಳಗೆ ನನ್ನ ಹೆಸರು ಬರೆದೆ. ಬರೆಯುವಾಗ ಅವರು ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು.

ಶಾಯಿ ಒಣಗಲು ಹೊತ್ತು ಬೇಕು, ಅಲ್ಲಿಯವರೆಗೆ ಹಳೆಯದೇ ನಡೆಯುತ್ತದೆ. ಅತ್ತೆ ಮತ್ತೆ ಕುರ್ಚಿಯಲ್ಲಿ ಕೂತು ಹೇಳತೊಡಗಿದರು. ಹಿತ್ತಲಿನ ಕೊಳಾಯಿಯ ತಿರುಪು ಎಡಕ್ಕೆ ತಿರುಗಿಸಬೇಕು, ಬಲಕ್ಕೆ ತಿರುಗಿಸಿ ನಾನು ಸವೆಸಿದ್ದೇನೆ. ಮಗನಿಗೆ ಕರಿಬೇವಿಗೆ ಅಷ್ಟೊಂದು ನೀರು ಹಾಕಬೇಡ ಅಂತ ಹೇಳಬೇಕು, ಬೇರು ಕೊಳೆಯುತ್ತದೆ. ಮಂಗಳ ಅಂತ ಬರೆಯುವಾಗ ನನ್ನ ಗಕಾರ ಯಾವಾಗಲೂ ತಲೆ ತಗ್ಗಿಸುತ್ತದೆ, ಅದೊಂದನ್ನು ಈಗಲಾದರೂ ಸರಿಮಾಡಿಕೊಳ್ಳಬೇಕು. ಹೇಳುತ್ತಲೇ ಇದ್ದರು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು, ಪುಟದ ಅಂಚು ಅದರ ಗಾಳಿಗೆ ಏಳುತ್ತ ಬೀಳುತ್ತ ಇತ್ತು. ನಾನು ಎದ್ದು ಹೋಗಿ ಫ್ಯಾನು ಆರಿಸಿ ಬಂದು ಅವರೆದುರು ಕೂತೆ.